ಹುಣಸೆಗೆ ಖರ್ಜೂರ ಎಂದವರು

ಸಂಕ್ರಾಂತಿ ಕಳೆದು ಶಿವರಾತ್ರಿ ಹತ್ತಿರವಾಗುತ್ತಿದ್ದಂತೆ ಹಿಂದೂಪುರದ ಮಾರುಕಟ್ಟೆ ಯಾರ್ಡಿನ ಗಾಳಿಯೇ ಹುಳಿಯಾಗುತ್ತದೆ. ಲೇಪಾಕ್ಷಿ, ಮಡಕಶಿರ, ಪೆನುಕೊಂಡ ಸೀಮೆಯ ಹೊಲದ ಬದುಗಳಲ್ಲಿ, ರಸ್ತೆ ಬದಿಗಳಲ್ಲಿ ನಿಂತ ಮರಗಳ ಫಸಲು ಅಲ್ಲಿಗೆ ಬಂದು ರಾಶಿ ಬೀಳುತ್ತದೆ. ದಕ್ಷಿಣ ಭಾರತದ ದೊಡ್ಡ ಹುಣಸೆ ಮಾರುಕಟ್ಟೆಗಳಲ್ಲಿ ಇದೂ ಒಂದು. ಗಡಿ ಊರಾದ್ದರಿಂದ ಇಲ್ಲಿ ಒಂದೇ ರಾಶಿಗೆ ಮೂರು ಹೆಸರು. ತೆಲುಗಿನ ರೈತ ಚಿಂತಪಂಡು ಎನ್ನುತ್ತಾನೆ, ಕನ್ನಡದವನು ಹುಣ್ಸೆಹಣ್ಣು ಎನ್ನುತ್ತಾನೆ, ಉರ್ದು ಮಾತಾಡುವ ವ್ಯಾಪಾರಿ ಇಮ್ಲಿ ಎನ್ನುತ್ತಾನೆ. ಬೆಲೆ ಕೂಗುವಾಗ ಯಾರಿಗೂ ಗೊಂದಲವಿಲ್ಲ.

ಇದೇ ಹಣ್ಣು ಡಬ್ಬಿ ಸೇರಿ ಹಡಗು ಹತ್ತುವಾಗ ನಾಲ್ಕನೆಯ ಹೆಸರು ಅಂಟಿಕೊಳ್ಳುತ್ತದೆ: ಟ್ಯಾಮರಿಂಡ್. ಲಂಡನ್ನಿನ ಅಂಗಡಿಯಲ್ಲಿ, ಮೆಕ್ಸಿಕೋದ ಸಂತೆಯಲ್ಲಿ, ಇಟಲಿಯ ಶರಬತ್ತಿನ ಬಾಟಲಿಯ ಮೇಲೆ ಸಣ್ಣಪುಟ್ಟ ವ್ಯತ್ಯಾಸದೊಂದಿಗೆ ಇರುವುದು ಆ ಹೆಸರೇ. ಕೇಳಲು ಅಪ್ಪಟ ಇಂಗ್ಲಿಷಿನಂತಿದ್ದರೂ ಅದು ಇಂಗ್ಲಿಷ್ ಪದವಲ್ಲ. ಅದರ ಬಾಲದಲ್ಲಿ ನಮ್ಮ ಸಿಂಧೂ ನದಿ ಕೂತಿದೆ.

ಮೂಲ ಅರಬ್ಬೀ ಹೆಸರು ‘ತಮ್ರ್ ಹಿಂದೀ’. ತಮ್ರ್ ಎಂದರೆ ಒಣ ಖರ್ಜೂರ, ಹಿಂದೀ ಎಂದರೆ ಹಿಂದ್ ದೇಶದ್ದು. ಸಂಸ್ಕೃತದ ಸಿಂಧು ಪರ್ಷಿಯನ್ನರ ಬಾಯಲ್ಲಿ ‘ಹಿಂದು’ ಆಯಿತು. ಗ್ರೀಕರು ಆ ಹಕಾರವನ್ನೂ ಬಿಟ್ಟು ‘ಇಂಡಿಯಾ’ದತ್ತ ಹೊರಟರು, ಅರಬರು ‘ಹಿಂದ್’ ಎಂದು ಉಳಿಸಿಕೊಂಡರು. ಹಾಗಾಗಿ ಟ್ಯಾಮರಿಂಡ್‌ನ ಕೊನೆಯ ‘ಇಂಡ್’ ಮತ್ತು ಇಂಡಿಯಾದ ‘ಇಂಡ್’ ಎರಡೂ ಒಂದೇ. ಹಿಂದೂಪುರದ ಹೆಸರಿನ ಕಥೆ ಮಾತ್ರ ಬೇರೆ. ಗುತ್ತಿಯ ಮರಾಠ ಸರದಾರ ಮುರಾರಿರಾವ್ ಘೋರ್ಪಡೆಯ ತಂದೆ ಹಿಂದೂರಾಯನ ಹೆಸರಿನಿಂದ ಊರಿಗೆ ಆ ಹೆಸರು ಬಂತು ಎಂಬುದು ಪ್ರತೀತಿ. ಹಿಂದೂಪುರದಲ್ಲಿ ಹಿಂದ್‌ನ ಖರ್ಜೂರ ಮಾರುತ್ತಿರುವುದು ಬರೀ ಕಾಕತಾಳೀಯ, ಆದರೆ ಸೊಗಸಾದ ಕಾಕತಾಳೀಯ.

ಹುಣಸೆಯನ್ನು ನೋಡಿ ಖರ್ಜೂರ ಎನ್ನಲು ಮನಸ್ಸು ಹೇಗೆ ಬಂತು? ಮರಕ್ಕೆ ಮರ ಹೋಲುವುದಿಲ್ಲ, ಕಾಯಿಗೆ ಕಾಯಿ ಹೋಲುವುದಿಲ್ಲ, ರುಚಿಯಂತೂ ಉತ್ತರ ದಕ್ಷಿಣ. ಈ ಪ್ರಶ್ನೆ 16ನೇ ಶತಮಾನದಲ್ಲೇ ಗೋವಾದಲ್ಲಿದ್ದ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ತನನ್ನು ಕಾಡಿತ್ತು. ಭಾರತದ ಮದ್ದು ಮೂಲಿಕೆಗಳ ಬಗ್ಗೆ ಅವನು ಬರೆದ ಸಂವಾದರೂಪದ ಪುಸ್ತಕ 1563ರಲ್ಲಿ ಗೋವಾದಲ್ಲೇ ಅಚ್ಚಾಯಿತು. ಮಲಬಾರಿನವರು ಇದನ್ನು ‘ಪುಳಿ’ ಎನ್ನುತ್ತಾರೆ, ಗುಜರಾತಿನವರು ‘ಅಂಬಿಲಿ’ ಎನ್ನುತ್ತಾರೆ ಎಂದು ಅವನು ದಾಖಲಿಸಿದ. ಅರಬರ ಹೆಸರಿನ ಬಗ್ಗೆ ಅವನ ವಿವರಣೆ ಸರಳ: ಒಳಗೆ ಬೀಜವಿದೆ ಎನ್ನುವುದನ್ನು ಬಿಟ್ಟರೆ ಖರ್ಜೂರಕ್ಕೂ ಇದಕ್ಕೂ ಹೋಲಿಕೆಯಿಲ್ಲ, ಇದಕ್ಕಿಂತ ಹೊಂದುವ ಹೆಸರು ಅವರಿಗೆ ಹೊಳೆಯಲಿಲ್ಲ, ಅಷ್ಟೆ. ಮೂರು ಶತಮಾನ ಕಳೆದ ಮೇಲೆ, 1886ರಲ್ಲಿ, ಆಂಗ್ಲೋ-ಇಂಡಿಯನ್ ಪದಗಳ ‘ಹಾಬ್ಸನ್-ಜಾಬ್ಸನ್’ ಕೋಶ ಬರೆದ ಯೂಲ್ ಮತ್ತು ಬರ್ನೆಲ್ ಇನ್ನೊಂದು ಊಹೆ ಸೇರಿಸಿದರು. ಮೂಲದಲ್ಲಿ ಇದ್ದದ್ದು ಖರ್ಜೂರವೆಂಬ ಅರ್ಥದ ‘ತಮರ್’ ಅಲ್ಲ, ಬರೀ ಹಣ್ಣು ಎಂಬ ಅರ್ಥದ ‘ಥಮರ್’ ಇರಬಹುದು ಎಂದರು.

ಹಿಂದೂಪುರದ ಯಾರ್ಡಿನಲ್ಲಿ ಒಂದು ಸುತ್ತು ಬಂದವರಿಗೆ ಈ ಊಹೆ ಬೇಕಾಗುವುದಿಲ್ಲ. ಸಿಪ್ಪೆ, ನಾರು ತೆಗೆದು ಒತ್ತಿ ಮುದ್ದೆ ಮಾಡಿದ ಹುಣಸೆ ಮತ್ತು ಅರಬ್ಬೀ ಬಂದರುಗಳಲ್ಲಿ ಒತ್ತಿ ಕಟ್ಟಿ ಮಾರುವ ಖರ್ಜೂರ ಅಕ್ಕಪಕ್ಕ ಇಟ್ಟರೆ ಎರಡೂ ಕಂದು, ಎರಡೂ ಅಂಟು, ಎರಡರಲ್ಲೂ ಅಲ್ಲಲ್ಲಿ ಬೀಜ. ಅರಬ್ ವ್ಯಾಪಾರಿಗಳಲ್ಲಿ ಹೆಚ್ಚಿನವರು ಮರವನ್ನು ನೋಡಿರಲಾರರು, ಕಂಡದ್ದು ಮೂಟೆಯನ್ನು. ಮೂಟೆಗೆ ಇಟ್ಟ ಹೆಸರು ಮರಕ್ಕೆ ಹತ್ತಿತು.

ಅರಬರಿಂದ ಯೂರೋಪಿಗೆ ಈ ಹೆಸರು ಅಡುಗೆಮನೆಯ ದಾರಿಯಲ್ಲಿ ಹೋಗಲಿಲ್ಲ, ಮದ್ದಿನ ಅಂಗಡಿಯ ದಾರಿಯಲ್ಲಿ ಹೋಯಿತು. ಇಬ್ನ್ ಸೀನಾನಂಥ ವೈದ್ಯರು ತಮ್ಮ ಗ್ರಂಥಗಳಲ್ಲಿ ತಮ್ರ್ ಹಿಂದಿಯನ್ನು ಹೊಟ್ಟೆ ಸಡಿಲಿಸುವ, ಪಿತ್ತ ಇಳಿಸುವ ಮದ್ದೆಂದು ಬರೆದಿದ್ದರು. ಆ ಗ್ರಂಥಗಳು ಲ್ಯಾಟಿನ್ನಿಗೆ ಅನುವಾದವಾದಾಗ ಪದವೂ ‘ತಮರಿಂಡಸ್’ ಆಗಿ ಜೊತೆಗೆ ಹೋಯಿತು. ಹೊಟ್ಟೆ ಸಡಿಲಿಸುವ ಈ ಗುಣಕ್ಕೆ ಮಾರ್ಕೋ ಪೋಲೋ ಒಂದು ವಿಚಿತ್ರ ಸಾಕ್ಷಿ ಬಿಟ್ಟುಹೋಗಿದ್ದಾನೆ. 13ನೇ ಶತಮಾನದ ಕೊನೆಯಲ್ಲಿ ಅವನು ಹೇಳಿದ ಪ್ರಕಾರ, ಗುಜರಾತಿನ ಕಡಲುಗಳ್ಳರು ಹಡಗು ಹಿಡಿದ ಕೂಡಲೇ ವ್ಯಾಪಾರಿಗಳಿಗೆ ಸಮುದ್ರದ ನೀರಿನಲ್ಲಿ ಹುಣಸೆ ಕದಡಿ ಕುಡಿಸುತ್ತಿದ್ದರಂತೆ. ಮುತ್ತು ರತ್ನಗಳನ್ನು ನುಂಗಿ ಬಚ್ಚಿಟ್ಟುಕೊಂಡವರ ಹೊಟ್ಟೆಯಿಂದ ಎಲ್ಲವೂ ಹೊರಗೆ ಬರಲಿ ಎಂದು. ಹುಣಸೆ ಪಾನಕದ ಇತಿಹಾಸದಲ್ಲಿ ಇಷ್ಟು ದುಬಾರಿ ಲೋಟ ಇನ್ನೊಂದಿರಲಾರದು.

1753ರಲ್ಲಿ ಸ್ವೀಡನ್ನಿನ ಲಿನೇಯಸ್ ಗಿಡಮರಗಳಿಗೆಲ್ಲ ಎರಡು ಪದದ ಹೆಸರಿಡಲು ಕೂತಾಗ ಹುಣಸೆಗೆ ‘ಟ್ಯಾಮರಿಂಡಸ್ ಇಂಡಿಕಾ’ ಎಂದು ಬರೆದ. ಬಿಡಿಸಿ ಓದಿದರೆ ‘ಭಾರತದ ಭಾರತೀಯ ಖರ್ಜೂರ’. ಒಂದೇ ಹೆಸರಿನಲ್ಲಿ ಎರಡು ಸಲ ಭಾರತ. ಆ ಕುಲದಲ್ಲಿ ಬೇರೆ ಪ್ರಭೇದವೇ ಇಲ್ಲ, ಹುಣಸೆ ಒಬ್ಬಂಟಿ.

ತಮಾಷೆಯೆಂದರೆ ಅದರ ತವರು ಭಾರತವೇ ಅಲ್ಲ. ಸಸ್ಯವಿಜ್ಞಾನಿಗಳ ಪ್ರಕಾರ ಹುಣಸೆ ಉಷ್ಣವಲಯದ ಆಫ್ರಿಕಾದ ಮರ. ಸೆನೆಗಲ್‌ನಿಂದ ಸುಡಾನಿನವರೆಗೆ, ಪೂರ್ವ ಆಫ್ರಿಕಾದವರೆಗೆ ಬಯಲು ಕಾಡುಗಳಲ್ಲಿ ತಾನಾಗಿ ಬೆಳೆಯುತ್ತದೆ. ಅಲ್ಲಿಯವರು ಅದನ್ನು ಭಾರತದ್ದು ಎನ್ನುವುದೂ ಇಲ್ಲ. ಅರಬ್ಬೀ ಮಾತಾಡುವ ಸುಡಾನಿನಲ್ಲೇ ಅದು ‘ಅರದೇಬ್’. ಹೌಸಾ ಭಾಷೆಯಲ್ಲಿ ‘ತ್ಸಾಮಿಯಾ’, ಸ್ವಾಹಿಲಿಯಲ್ಲಿ ‘ಉಕ್ವಾಜು’, ಮಡಗಾಸ್ಕರಿನಲ್ಲಿ ‘ಕಿಲಿ’. ಆ ಕಿಲಿ ಮರಗಳನ್ನು ನೆಚ್ಚಿಕೊಂಡೇ ಬಾಲದಲ್ಲಿ ಉಂಗುರವಿರುವ ಲೀಮರ್‌ಗಳು ಬದುಕುತ್ತವೆ. ಸೆನೆಗಲ್‌ನ ವೊಲೋಫ್ ಜನ ‘ದಖಾರ್’ ಎನ್ನುತ್ತಾರೆ, ರಾಜಧಾನಿ ಡಕಾರ್‌ಗೆ ಹೆಸರು ಬಂದದ್ದು ಅದರಿಂದಲೇ ಎಂಬ ಮಾತೂ ಇದೆ.

ಆಫ್ರಿಕಾದಿಂದ ಇಲ್ಲಿಗೆ ತಂದವರಾರು ಎಂದು ಹುಡುಕುವುದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ಬಂದು ಬಹಳ ಕಾಲವಾಯಿತು ಎನ್ನುವುದಂತೂ ಖಚಿತ. ಉತ್ತರ ಪ್ರದೇಶದ ನರಹನ್ ಎಂಬಲ್ಲಿ ಉತ್ಖನನ ನಡೆದಾಗ ಸಿಕ್ಕ ಇದ್ದಿಲಿನಲ್ಲಿ ಹುಣಸೆ ಕಟ್ಟಿಗೆ ಇತ್ತು, ಅದರ ಕಾಲ ಸುಮಾರು ಕ್ರಿ.ಪೂ. 1300. ಮೂರು ಸಾವಿರ ವರ್ಷ ಸಾರಿಗೆ ಬಿದ್ದದ್ದನ್ನು ಪರದೇಶಿ ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಅದರ ಜೊತೆಯಲ್ಲೇ ಕುದಿಯುವ ಮೆಣಸಿನಕಾಯಿ, ಟೊಮ್ಯಾಟೊಗಳೇ ಅಮೆರಿಕದಿಂದ ಪೋರ್ಚುಗೀಸರ ನಂತರ ಬಂದ ಹೊಸಬರು.

ಅಮೆರಿಕಕ್ಕೆ ಹುಣಸೆ ಹೋದದ್ದೂ ಅದೇ ಕಾಲದ ಹಡಗುಗಳಲ್ಲಿ. 16ನೇ ಶತಮಾನದಿಂದ ಸ್ಪ್ಯಾನಿಷರು, ಪೋರ್ಚುಗೀಸರು ಅದನ್ನು ಕೊಂಡೊಯ್ದು ನೆಟ್ಟರು, ಅದು ಅಲ್ಲಿಯದ್ದೇ ಎನ್ನುವಷ್ಟು ಒಗ್ಗಿಕೊಂಡಿತು. ಮೆಕ್ಸಿಕೋದಲ್ಲಿ ‘ತಮರಿಂದೋ’ ನೀರು ಬೇಸಿಗೆಯ ನಿತ್ಯದ ಪಾನೀಯ. ಹುಣಸೆ, ಸಕ್ಕರೆ, ಉಪ್ಪು, ಖಾರ ಕಲಸಿದ ‘ಪುಲ್ಪರಿಂದೋ’ ಎಂಬ ಮಿಠಾಯಿ ಶಾಲೆಯ ಮಕ್ಕಳ ಜೇಬಿನಲ್ಲಿರುತ್ತದೆ. ಹುಣಸೆಗೆ ಉಪ್ಪು, ಮೆಣಸಿನಕಾಯಿ, ಜೀರಿಗೆ ಕುಟ್ಟಿ ಕಡ್ಡಿಗೆ ಸಿಕ್ಕಿಸಿ ಚೀಪುತ್ತಿದ್ದ ನಮ್ಮ ಕಡೆಯ ಹುಡುಗರಿಗೆ ಅದರ ರುಚಿಯನ್ನು ಬೇರೆ ವಿವರಿಸಬೇಕಿಲ್ಲ. ಮೆಕ್ಸಿಕೋ ನಗರದ ಸಂಚಾರ ಪೊಲೀಸರ ಸಮವಸ್ತ್ರ ಒಂದು ಕಾಲದಲ್ಲಿ ಕಂದು ಬಣ್ಣದ್ದಾಗಿತ್ತು, ಜನ ಅವರಿಗೆ ‘ತಮರಿಂದೋ’ ಎಂದೇ ಅಡ್ಡಹೆಸರಿಟ್ಟರು. ಕೋಸ್ಟರಿಕಾದಲ್ಲಿ ತಮರಿಂದೋ ಎಂಬ ಹೆಸರಿನ ಕಡಲತೀರದ ಪಟ್ಟಣವೇ ಇದೆ. ದಕ್ಷಿಣ ಅಮೆರಿಕದ ಪುಟ್ಟ ‘ತಮರಿನ್’ ಕೋತಿಗೂ ಇದಕ್ಕೂ ಮಾತ್ರ ನಂಟಿಲ್ಲ, ಆ ಹೆಸರು ಅಲ್ಲಿಯ ಮೂಲನಿವಾಸಿಗಳ ಭಾಷೆಯದ್ದು.

ಪೂರ್ವದ ಅರಬ್ ದೇಶಗಳಲ್ಲಿ ಹಳೆಯ ಹೆಸರು ಹಾಗೆಯೇ ಉಳಿದಿದೆ. ರಂಜಾನ್ ತಿಂಗಳಲ್ಲಿ ಕೈರೋದ ಬೀದಿಗಳಲ್ಲಿ ದೊಡ್ಡ ಹಿತ್ತಾಳೆ ಪಾತ್ರೆ ಹೊತ್ತು ಶರಬತ್ತು ಮಾರುವವರು ಕೂಗುವುದು ತಮ್ರ್ ಹಿಂದೀ ಎಂದೇ. ತುರ್ಕಿಯಲ್ಲಿ ಅದು ‘ದೆಮಿರ್‌ಹಿಂದಿ’. ತುರ್ಕಿ ಭಾಷೆಯಲ್ಲಿ ದೆಮಿರ್ ಎಂದರೆ ಕಬ್ಬಿಣ. ಅರಬ್ಬೀಯ ತಮ್ರ್ ಏನೆಂದು ತಿಳಿಯದ ಜನ ತಮಗೆ ಗೊತ್ತಿದ್ದ ಪದಕ್ಕೆ ಅದನ್ನು ಹೊಂದಿಸಿಕೊಂಡರು, ಖರ್ಜೂರ ಕಬ್ಬಿಣವಾಯಿತು. ಇಂಗ್ಲೆಂಡಿನಲ್ಲಂತೂ ಹುಣಸೆ ಯಾರಿಗೂ ಕಾಣದಂತೆ ಊಟಕ್ಕೆ ಕೂತಿದೆ. ವೂಸ್ಟರ್ ಪಟ್ಟಣದ ಲೀ ಮತ್ತು ಪೆರಿನ್ಸ್ 1837ರಲ್ಲಿ ಮಾರಾಟಕ್ಕೆ ತಂದ ಸಾಸ್‌ನಲ್ಲಿ ಉಪ್ಪು ಹಾಕಿದ ಮೀನು, ವಿನೆಗರ್, ಕಾಕಂಬಿಯ ಜೊತೆ ಹುಣಸೆ ರಸವೂ ಇದೆ. ಮಾಂಸದ ಮೇಲೆ ಆ ಸಾಸ್ ಚಿಮುಕಿಸಿಕೊಳ್ಳುವ ಅಲ್ಲಿಯವರಿಗೆ ಅದರ ಹುಳಿ ಎಲ್ಲಿಯದೆಂಬ ಯೋಚನೆ ಬರುವುದು ಅಪರೂಪ.

ಆಗ್ನೇಯ ಏಷ್ಯಾದಲ್ಲಿ ಮಾತ್ರ ಅರಬರ ಹೆಸರು ಬೇರೂರಲಿಲ್ಲ. ಮಲಯ, ಇಂಡೊನೇಷ್ಯಾದವರಿಗೆ ಅದು ‘ಆಸಮ್ ಜಾವ’, ಅಂದರೆ ಜಾವಾದ ಹುಳಿ. ಅರಬರು ಭಾರತದ ತಲೆಗೆ ಕಟ್ಟಿದ್ದನ್ನು ಮಲಯದವರು ಜಾವಾದ ತಲೆಗೆ ಕಟ್ಟಿದರು. ಜಾವಾದ ಸೆಮರಾಂಗ್ ನಗರದ ಹೆಸರು ‘ಅಲ್ಲೊಂದು ಇಲ್ಲೊಂದು ಹುಣಸೆ ಮರ’ ಎಂಬ ಅರ್ಥದ ಮಾತಿನಿಂದ ಬಂತೆಂದು ಅಲ್ಲಿಯ ಐತಿಹ್ಯ. ಫಿಲಿಪ್ಪೀನ್ಸಿನಲ್ಲಿ ಹುಣಸೆ ‘ಸಂಪಾಲೋಕ್’, ಮನಿಲಾದ ಒಂದು ಬಡಾವಣೆಗೂ ಅದೇ ಹೆಸರು. ನಮ್ಮಲ್ಲಿ ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಹೋಗುವವರು ಹುಣಸಮಾರನಹಳ್ಳಿ ದಾಟಿ ಹೋಗುತ್ತಾರೆ, ಪುಣೆಯವರು ಚಿಂಚವಡದಲ್ಲಿ ಇಳಿಯುತ್ತಾರೆ. ಮರಾಠಿಯಲ್ಲಿ ಚಿಂಚ ಎಂದರೆ ಹುಣಸೆ. ನೆರಳು ಕೊಡುವ ಒಂದು ದೊಡ್ಡ ಮರ, ಅದರಡಿ ನಿಂತ ಬಂಡಿಗಳು, ಆಮೇಲೆ ಊರು. ಹೀಗೆ ಹುಟ್ಟಿದ ಹೆಸರುಗಳು ಭೂಮಧ್ಯರೇಖೆಯ ಸುತ್ತ ಎಲ್ಲ ಕಡೆ ಸಿಗುತ್ತವೆ.

ಇನ್ನು ಮನೆಯ ಹೆಸರು. ಕನ್ನಡದ ಹುಣಸೆ ಹಿಂದೆ ಪುಣಸೆ, ಪುಣಿಸೆ ಆಗಿತ್ತು. ಪಾಲು ಹಾಲಾದಂತೆ, ಪೂ ಹೂವಾದಂತೆ ಅದರ ಪಕಾರವೂ ಹಕಾರವಾಯಿತು. ತಮಿಳು, ಮಲಯಾಳ, ತುಳುವಿನ ‘ಪುಳಿ’ ಮತ್ತು ನಮ್ಮ ‘ಪುಣಸೆ’ಯನ್ನು ದ್ರಾವಿಡ ನಿಘಂಟುಕಾರರು ಒಂದೇ ಬುಡಕ್ಕೆ ಸೇರಿಸುತ್ತಾರೆ. ಆ ಬುಡದ ಅರ್ಥ ಹುಳಿ. ಅಂದರೆ ಅರಬರು ರೂಪ ನೋಡಿ ಹೆಸರಿಟ್ಟರು, ದಕ್ಷಿಣದವರು ನಾಲಗೆಗೆ ಹತ್ತಿದ್ದನ್ನೇ ಹೆಸರು ಮಾಡಿಕೊಂಡರು. ಹಿಂದಿಯ ಇಮ್ಲಿಯೂ ಸಂಸ್ಕೃತದ ಅಮ್ಲಿಕೆಯಿಂದ ಬಂದದ್ದು, ಅಲ್ಲೂ ಹುಳಿಯೇ ಮೂಲ. ತೆಲುಗಿನ ಚಿಂತ ಸಂಸ್ಕೃತದ ‘ಚಿಂಚಾ’ ಮತ್ತು ಮರಾಠಿಯ ಚಿಂಚದ ಒಡಹುಟ್ಟು. ‘ಚಿಂತೆ’ಗೂ ಅದಕ್ಕೂ ಸಂಬಂಧವಿಲ್ಲದಿದ್ದರೂ ಬೆಲೆ ಬಿದ್ದ ವರ್ಷ ಹಿಂದೂಪುರದ ರೈತರು ಸಂಬಂಧ ಕಲ್ಪಿಸಿಕೊಂಡರೆ ತಪ್ಪೇನೂ ಇಲ್ಲ.

ಕನ್ನಡದಲ್ಲಿ ಪಕಾರ ಪೂರ್ತಿ ಅಳಿದಿಲ್ಲ. ಒಲೆಯ ಮೇಲೆ ಕುದಿಯುವುದು ‘ಹುಳಿ’, ಅನ್ನಕ್ಕೆ ಕಲಸುವುದು ‘ಪುಳಿಯೋಗರೆ’. ಎರಡರಲ್ಲೂ ಬೀಳುವುದು ಒಂದೇ ಹಣ್ಣು. ಪುಳಿಯ ಜೊತೆಗಿರುವ ಓಗರ ಎಂದರೆ ಅನ್ನ. ತೆಲುಗಿನವರು ಅದನ್ನೇ ಪುಲಿಹೋರ ಎನ್ನುತ್ತಾರೆ, ಹಣ್ಣಿಗೆ ಮಾತ್ರ ಚಿಂತಪಂಡು ಎಂದೇ ಕರೆಯುತ್ತಾರೆ. ಹಿಂದೂಪುರದ ಯಾರ್ಡಿನ ದರಪಟ್ಟಿ ನೋಡಿದರೆ ಅಲ್ಲೂ ಈ ಹಳೆಯ ಪದ ಸಿಗುತ್ತದೆ. ಉತ್ತಮ ದರ್ಜೆಯ ಹಣ್ಣಿಗೆ ಅಲ್ಲಿ ‘ಕರಿಪುಳಿ’ ಎನ್ನುತ್ತಾರೆ, ಇನ್ನೊಂದು ದರ್ಜೆಗೆ ‘ಫ್ಲವರ್’. ತುಮಕೂರಿನ ಮಾರುಕಟ್ಟೆಯಲ್ಲೂ ಇದೇ ಮಾತು. ತೆಲುಗು ನಾಡಿನ ಪೇಟೆಯಲ್ಲಿ ತೆಲುಗಲ್ಲದ ಪುಳಿ, ಅದರ ಪಕ್ಕದಲ್ಲಿ ಇಂಗ್ಲಿಷಿನ ಹೂವು! ಈ ಸೀಮೆಗೆ ಇದು ಹೊಸದೇನಲ್ಲ. ಹಿಂದೂಪುರದಿಂದ ಸುಮಾರು 15 ಕಿಲೋಮೀಟರ್ ದೂರದ ಲೇಪಾಕ್ಷಿಯ ವೀರಭದ್ರ ದೇವಾಲಯ 16ನೇ ಶತಮಾನದ ಅಚ್ಯುತರಾಯನ ಕಾಲದ್ದು. ಒಳಗೆ ಕಲ್ಲಿನ ಮೇಲೆ ಕನ್ನಡದ ಶಾಸನಗಳಿವೆ, ಹೊರಗಿನ ಅಂಗಡಿಗಳ ಬೋರ್ಡು ತೆಲುಗಿನಲ್ಲಿವೆ, ಮಡಕಶಿರದ ಕಡೆ ಹೋದರೆ ಇಂದಿಗೂ ಕನ್ನಡ ಶಾಲೆಗಳಿವೆ.

ಮಾರುಕಟ್ಟೆಗೆ ಬರುವ ಮೊದಲಿನ ಕೆಲಸ ಹೆಚ್ಚಾಗಿ ಹೆಂಗಸರದ್ದು. ಮರ ಹತ್ತಿ ಕೊಂಬೆ ಬಡಿದು ಹಣ್ಣು ಉದುರಿಸುವವರು ಗಂಡಸರು. ಅದನ್ನು ಒಣಗಿಸಿ, ಸಿಪ್ಪೆ ಒಡೆದು, ನಾರು ಎಳೆದು, ಕುಟ್ಟಿ ಬೀಜ ಬೇರೆ ಮಾಡುತ್ತ ಹಳ್ಳಿಯ ಜಗಲಿಗಳಲ್ಲಿ ಬೇಸಿಗೆಯಿಡೀ ಕೂರುವವರು ಹೆಂಗಸರು. ಬೀಜವೂ ವ್ಯರ್ಥವಲ್ಲ. ಕಲ್ಯಾಣದುರ್ಗ, ಚಳ್ಳಕೆರೆ ಸೀಮೆಯ ಕುರುಬರು ಕಂಬಳಿ ನೇಯುವಾಗ ಉಣ್ಣೆಯ ನೂಲು ಬಿಗಿಯಾಗಲೆಂದು ಹುಣಸೆ ಬೀಜದ ಗಂಜಿ ಸವರುತ್ತಾರೆ. ಅದೇ ಬೀಜದ ಹಿಟ್ಟು ಬಟ್ಟೆ ಗಿರಣಿಗಳಿಗೆ ಹೋಗುತ್ತದೆ, ಜಪಾನಿನಲ್ಲಿ ತಿಂಡಿ ಸಾಸ್‌ಗಳನ್ನು ಗಟ್ಟಿ ಮಾಡಲು ಅದರಿಂದ ತೆಗೆದ ಅಂಟು ಬಳಕೆಯಲ್ಲಿದೆ. ಹಣ್ಣಿನ ಹುಳಿಗೆ ಕಾರಣ ಟಾರ್ಟಾರಿಕ್ ಆಮ್ಲ. ಬೇರೆ ಹಣ್ಣುಗಳು ಮಾಗಿದಂತೆ ಹುಳಿ ಕಳೆದುಕೊಳ್ಳುತ್ತವೆ, ಹುಣಸೆಯಲ್ಲಿ ಸಿಹಿ ಏರಿದರೂ ಹುಳಿ ಇಳಿಯುವುದಿಲ್ಲ. ಮರ ಮುಪ್ಪಾದರೆ ಹುಳಿ ಮುಪ್ಪೇ ಎಂಬ ಗಾದೆ ಕಟ್ಟಿದವರಿಗೆ ಆಮ್ಲದ ಹೆಸರು ತಿಳಿದಿರಲಿಲ್ಲ, ಅದರ ಸ್ವಭಾವ ಚೆನ್ನಾಗಿ ತಿಳಿದಿತ್ತು.

ಮುಪ್ಪಾದ ಮರಗಳನ್ನು ನೋಡಬೇಕೆಂದರೆ ಹಿಂದೂಪುರದಿಂದ ಬೆಂಗಳೂರಿನ ಕಡೆ ಬರುವಾಗ ದೇವನಹಳ್ಳಿಯ ಹತ್ತಿರ ನಲ್ಲೂರಿಗೆ ಹೋಗಬೇಕು. ಸುಮಾರು 54 ಎಕರೆಯ ಆ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಕಾಂಡ ಪೊಳ್ಳಾಗಿ ಸೀಳಿದ್ದರೂ ತುದಿಯಲ್ಲಿ ಚಿಗುರುವ ಮುದಿ ಮರಗಳು ಅಲ್ಲಿವೆ. ಹುಣಸೆ ಮರದ ದೆವ್ವದ ಕಥೆ ಕೇಳಿ ಬೆಳೆದವರು ಸಂಜೆಯ ಮೊದಲೇ ಹೋಗಿ ಬರುವುದು ವಾಸಿ.

ಹೊಸ ಮರಕ್ಕೆ ತಮ್ಮೂರಿನ ಹಣ್ಣಿನ ಹೆಸರಿಟ್ಟ ಅರಬರನ್ನು ನೋಡಿ ನಗುವ ಮೊದಲು ನಮ್ಮ ಲೆಕ್ಕವನ್ನೂ ನೋಡಿಕೊಳ್ಳಬೇಕು. ಮೆಕ್ಸಿಕೋದಿಂದ ಸ್ಪ್ಯಾನಿಷ್ ಹಡಗುಗಳಲ್ಲಿ ಮನಿಲಾಕ್ಕೆ, ಅಲ್ಲಿಂದ ಭಾರತಕ್ಕೆ ಬಂದ ಒಂದು ಮುಳ್ಳಿನ ಮರವಿದೆ. ಸುರುಳಿ ಸುತ್ತಿದ ಕಾಯಿ, ಒಳಗೆ ಬಿಳಿ ಗುಲಾಬಿ ತಿರುಳು, ಹುಳಿ ನಾಮಮಾತ್ರಕ್ಕೆ. ಅದರ ಹುಟ್ಟೂರಿನಲ್ಲಿ ಅದಕ್ಕೆ ‘ಗ್ವಾಮೂಚಿಲ್’ ಎನ್ನುತ್ತಾರೆ. ನಾವು ನೋಡಿದ್ದೇ ತಡ ಸೀಮೆ ಹುಣಸೆ ಎಂದೆವು. ತೆಲುಗಿನವರು ಸೀಮ ಚಿಂತ ಎಂದರು, ತಮಿಳರು ಕೊಡುಕ್ಕಾಪುಳಿ ಎಂದರು, ಹಿಂದಿಯವರು ವಿಲಾಯತಿ ಇಮ್ಲಿ ಎಂದರು. ಇಂಗ್ಲಿಷರು ಹಿಂದೆ ಬೀಳಲಿಲ್ಲ, ಮನಿಲಾ ಟ್ಯಾಮರಿಂಡ್ ಎಂದರು.

ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಇನ್ನೂ ದೊಡ್ಡ ಉದಾಹರಣೆಯಿದೆ. ಅಲ್ಲಿಯ ಕಲ್ಮಠದ ಆವರಣದಲ್ಲಿರುವ, ಆನೆಯ ಮೈಯಂಥ ಕಾಂಡದ ಬಾವೊಬಾಬ್ ಮರಗಳಿಂದ ಆ ಜಾಗ ಹೆಸರಾಗಿದೆ. ಬಾವೊಬಾಬ್ ಆಫ್ರಿಕಾದ ಬಯಲಿನ ಮರ, ಅಲ್ಲಿಂದ ಕಡಲು ದಾಟಿ ಬಂದದ್ದು. ಅದರ ಕಾಯಿಯೊಳಗಿನ ಬಿಳಿ ಹಿಟ್ಟಿನಂಥ ತಿರುಳು ಹುಳಿ. ಸವಣೂರಿನವರು ರುಚಿ ನೋಡಿ ‘ದೊಡ್ಡ ಹುಣಸೆ’ ಎಂದು ಕರೆದರು, ಮಠವೂ ದೊಡ್ಡಹುಣಸೆ ಕಲ್ಮಠವಾಯಿತು. ಮಧ್ಯಪ್ರದೇಶದ ಮಾಂಡುವಿನಲ್ಲಿ ಅದೇ ಮರದ ಕಾಯಿಯನ್ನು ರಸ್ತೆ ಬದಿಯಲ್ಲಿ ಮಾಂಡು ಕೀ ಇಮ್ಲಿ ಎಂದು ಮಾರುತ್ತಾರೆ. ಬೇರೆ ಕಡೆ ಗೋರಖ್ ಇಮ್ಲಿ, ಖುರಾಸಾನಿ ಇಮ್ಲಿ ಎಂಬ ಹೆಸರುಗಳೂ ಇವೆ. ಖುರಾಸಾನ್ ಇರುವುದು ಇರಾನಿನ ಕಡೆ, ಅಲ್ಲಿ ಬಾವೊಬಾಬ್ ಬೆಳೆಯುವುದೇ ಇಲ್ಲ. ಪಶ್ಚಿಮ ಆಫ್ರಿಕಾದ ಬಯಲುಗಳಲ್ಲಿ ಮಾತ್ರ ಬಾವೊಬಾಬ್ ಮತ್ತು ಹುಣಸೆ ಅಕ್ಕಪಕ್ಕದಲ್ಲೇ ಬೆಳೆಯುತ್ತವೆ, ಅಲ್ಲಿಯವರು ಎರಡಕ್ಕೂ ಬೇರೆ ಬೇರೆ ಹೆಸರಿಟ್ಟಿದ್ದಾರೆ.